ಹೊಸಿಲಲ್ಲೇ ನಿಂತ ಕಾನೂನು

ಮಕ್ಕಳ ದುಡಿಮೆ ಕಾನೂನು ಬಿಗಿ ಇರಬೇಕೋ, ಸಡಿಲ ಆಗಬೇಕೋ? ಈ ವಾದ ನಮ್ಮ ದೇಶಕ್ಕೆ ಹೊಸದಲ್ಲ.

1881ರಲ್ಲಿ ಬ್ರಿಟಿಷರು ಮೊದಲ ಫ್ಯಾಕ್ಟರಿ ಕಾಯ್ದೆ ತಂದರು. 7 ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂದರು. 7ರಿಂದ 12 ವರ್ಷದವರು ಮಾತ್ರ ದಿನಕ್ಕೆ 9 ಗಂಟೆ ದುಡಿಯಬಹುದಿತ್ತು! ಅದೂ 100 ಜನ ಇರುವ ಕಾರ್ಖಾನೆಗಷ್ಟೇ ಅನ್ವಯ. ಹೊಲ, ಮನೆ ಲೆಕ್ಕಕ್ಕೇ ಬರಲಿಲ್ಲ.

1986ರ ಕಾಯ್ದೆ 14ರೊಳಗಿನವರನ್ನು ಪಟ್ಟಿ ಮಾಡಿದ ಅಪಾಯದ ಕೆಲಸಗಳಿಂದ ದೂರ ಇಟ್ಟಿತು. ಆದರೆ ಮನೆಮಂದಿಯೇ ಸೇರಿ ನಡೆಸುವ ಕಸುಬಿಗೆ ವಿನಾಯಿತಿ ಕೊಟ್ಟಿತು. 2016ರ ತಿದ್ದುಪಡಿ 14ರೊಳಗಿನವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದಿತು. ಜೊತೆಗೇ, ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗಬಹುದು ಎಂದೂ ಸೇರಿಸಿತು. ಮಕ್ಕಳು ಮನೆಯ ಕಸುಬು ಕಲಿಯಲಿ ಎಂದು ಒಪ್ಪಿದವರು ಹೇಳಿದರು. ದಣಿದ ಮಗು ಓದುವುದು ಯಾವಾಗ ಎಂದು ವಿರೋಧಿಸಿದವರು ಕೇಳಿದರು.

ನಾವೂ ಹಳ್ಳಿಯವರೇ. ರಜೆಯಲ್ಲಿ ಅಪ್ಪ ಅವ್ವನ ಜೊತೆ ಕಳೆ ಕಿತ್ತವರೇ. ಅದರಿಂದ ನಾವು ಕೆಡಲಿಲ್ಲ. ಯಾಕೆಂದರೆ ಸೋಮವಾರ ಬೆಳಿಗ್ಗೆ ಪಾಟಿಚೀಲ ಹಿಡಿದು ಶಾಲೆಗೆ ಹೋದೆವು. ನೆರವಿಗೂ ದುಡಿಮೆಗೂ ನಡುವಿನ ಗೆರೆ ಅದೇ.

ಕಾರ್ಖಾನೆಗೆ ಇನ್‌ಸ್ಪೆಕ್ಟರ್ ಬರಬಹುದು. ಹೊಸಿಲೊಳಗೆ ಆ ಗೆರೆ ಕಾಯಬೇಕಾದವರು ನಾವೇ. ಪಕ್ಕದ ಮನೆಯ ಮಗು ವಾರದಿಂದ ಶಾಲೆಗೆ ಹೋಗಿಲ್ಲವೇ? ಮೊದಲು ಮನೆಯವರನ್ನು ಕೇಳೋಣ. ಆಮೇಲೆ 1098ಕ್ಕೆ ಫೋನ್ ಮಾಡೋಣ.