ಮುಂದನ್ನು ಕಂಡವರ ಹೊರೆ: ಗಡಿಸೀಮೆಯ ಕಾಲಜ್ಞಾನ ಪರಂಪರೆ

ಮುಂದಾಗುವುದನ್ನು ಮೊದಲೇ ಕಾಣಬಲ್ಲ ಮನುಷ್ಯನ ಕಥೆ ಚಲನಚಿತ್ರಗಳಿಗೆ ಬಲು ಪ್ರಿಯವಾದ ವಸ್ತು. 1983ರಲ್ಲಿ ತೆರೆಕಂಡ ‘ದಿ ಡೆಡ್ ಝೋನ್’ ಎಂಬ ಇಂಗ್ಲಿಷ್ ಚಿತ್ರದಲ್ಲಿ ಒಬ್ಬ ಶಾಲಾ ಉಪಾಧ್ಯಾಯನಿದ್ದಾನೆ. ಅಪಘಾತಕ್ಕೆ ಸಿಕ್ಕಿ ವರ್ಷಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿದ್ದ ಅವನು ಎಚ್ಚೆತ್ತ ಮೇಲೆ, ಬೇರೊಬ್ಬರ ಕೈ ಮುಟ್ಟಿದರೆ ಸಾಕು, ಅವರಿಗೆ ಒದಗಲಿರುವ ವಿಪತ್ತು ಅವನ ಕಣ್ಣೆದುರು ನಿಲ್ಲುತ್ತದೆ. ವರದಂತೆ ಬಂದ ಶಕ್ತಿ ಅವನ ಬಾಳನ್ನೇ ನುಂಗುವ ಹೊರೆಯಾಗುತ್ತದೆ. ಅದರ ಮರುವರ್ಷ, 1984ರಲ್ಲಿ, ನಂದಮೂರಿ ತಾರಕ ರಾಮರಾವ್ ಅವರು ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಯ ಚರಿತ್ರೆಯನ್ನು ತಾವೇ ನಿರ್ದೇಶಿಸಿ, ತಾವೇ ಸ್ವಾಮಿಯ ಪಾತ್ರ ವಹಿಸಿ ತೆಲುಗಿನಲ್ಲಿ ತೆರೆಗೆ ತಂದರು. ಒಂದು ದೂರದೇಶದ ಭಯಾನಕ ಕಥೆ, ಇನ್ನೊಂದು ನಮ್ಮ ನೆರೆಯ ಕಡಪ ಸೀಮೆಯ ಭಕ್ತಿಕಥೆ. ಆದರೂ ಎರಡರ ನಡುವೆ ನಿಂತಿರುವ ಪ್ರಶ್ನೆ ಒಂದೇ: ಬರಲಿರುವುದು ತಿಳಿದುಬಿಟ್ಟರೆ, ತಿಳಿದವನು ಏನು ಮಾಡಬೇಕು?

ಈ ಪ್ರಶ್ನೆಯನ್ನು ಕೇಳಲು ರಾಯದುರ್ಗ, ಮಡಕಶಿರಾ ಸೀಮೆಯವರು ಸಿನಿಮಾ ಬರುವವರೆಗೆ ಕಾಯಬೇಕಾಗಿರಲಿಲ್ಲ. ಕಾಲಜ್ಞಾನ, ಕಾರಣಿಕ, ಪಂಚಾಂಗ ಶ್ರವಣ ಎಂಬ ಹೆಸರುಗಳಲ್ಲಿ ಅದು ಈ ನೆಲದ ಜನರೊಡನೆ ಶತಮಾನಗಳಿಂದ ಬಾಳಿಕೊಂಡು ಬಂದಿದೆ. ಆ ಪರಂಪರೆಯನ್ನು ಚರಿತ್ರೆಯ ಬೆಳಕಿನಲ್ಲಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ಮಹಾಭಾರತದಿಂದಲೇ ಆರಂಭಿಸಬಹುದು. ಯುದ್ಧಕ್ಕೆ ಮುನ್ನ ವ್ಯಾಸರು ಧೃತರಾಷ್ಟ್ರನಿಗೆ ಕಣ್ಣು ಕೊಡಲು ಮುಂದಾಗುತ್ತಾರೆ. ತನ್ನವರು ತನ್ನವರನ್ನೇ ಕೊಲ್ಲುವುದನ್ನು ನೋಡಲಾರೆನೆಂದು ಅವನು ನಿರಾಕರಿಸುತ್ತಾನೆ. ಆ ದಿವ್ಯದೃಷ್ಟಿ ಸಂಜಯನ ಪಾಲಾಗುತ್ತದೆ. ಇನ್ನು ನಮ್ಮ ಜನಪದರ ಸಹದೇವನಿಗೆ ಎಲ್ಲವೂ ಗೊತ್ತು, ಆದರೆ ಕೇಳದೆ ಹೇಳುವಂತಿಲ್ಲ. ಗ್ರೀಕರ ಕಥೆಯಲ್ಲಿ ಟ್ರಾಯ್ ನಗರದ ರಾಜಕುಮಾರಿ ಕಸ್ಸಾಂಡ್ರಾ ನಡೆಯಲಿರುವುದನ್ನು ಕಂಡು ಕೂಗಿ ಹೇಳುತ್ತಾಳೆ, ಆದರೆ ಅವಳ ಮಾತನ್ನು ಯಾರೂ ನಂಬಬಾರದೆಂಬುದು ಅವಳಿಗಿದ್ದ ಶಾಪ. ಒಬ್ಬನಿಗೆ ನೋಡುವ ಧೈರ್ಯವಿಲ್ಲ, ಇನ್ನೊಬ್ಬನಿಗೆ ನುಡಿಯುವ ಸ್ವಾತಂತ್ರ್ಯವಿಲ್ಲ, ಮತ್ತೊಬ್ಬಳಿಗೆ ಕೇಳುವವರಿಲ್ಲ. ಭವಿಷ್ಯವನ್ನು ಕಾಣುವ ಹೊರೆ ಈ ಮೂರು ಬಗೆಯದು. ನಮ್ಮ ಸೀಮೆಯ ಚರಿತ್ರೆಯಲ್ಲಿ ಮೂರೂ ಕಾಣಸಿಗುತ್ತವೆ.

ವಿಜಯನಗರದ ಸ್ಥಾಪನೆಯ ಬಗ್ಗೆ ಪ್ರಚಲಿತವಾಗಿರುವ ಒಂದು ಐತಿಹ್ಯ ಎಲ್ಲರೂ ಬಲ್ಲದ್ದು. ನಗರಕ್ಕೆ ಅಡಿಗಲ್ಲು ಹಾಕುವ ಶುಭಮುಹೂರ್ತವನ್ನು ವಿದ್ಯಾರಣ್ಯರು ಗುಣಿಸಿ, ತಾವು ಶಂಖ ಊದಿದಾಗ ಕೆಲಸ ಆರಂಭಿಸಬೇಕೆಂದು ಹೇಳಿ ಕುಳಿತರು. ಅಷ್ಟರಲ್ಲಿ ಭಿಕ್ಷೆಗೆ ಬಂದವನೊಬ್ಬ ತನ್ನ ಪಾಡಿಗೆ ಶಂಖ ಊದಿದ. ಅದೇ ಸಂಕೇತವೆಂದು ತಿಳಿದು ಕಲ್ಲು ಇಟ್ಟುಬಿಟ್ಟರು. ಸಾವಿರಾರು ವರ್ಷ ಬಾಳಬೇಕಾಗಿದ್ದ ನಗರದ ಆಯುಷ್ಯ ಕೆಲವು ನೂರು ವರ್ಷಗಳಿಗೆ ಇಳಿಯಿತೆಂದು ಕಥೆ ಹೇಳುತ್ತದೆ. ಮುಹೂರ್ತವನ್ನು ಬಲ್ಲ ಜ್ಞಾನಿ ಅಲ್ಲೇ ಇದ್ದ, ಆದರೂ ಕಾಲ ಅವನ ಕೈ ತಪ್ಪಿತು.

ಈ ಕಥೆ ಹುಟ್ಟಿದ್ದು ಯಾವಾಗ ಎಂಬುದೇ ಚರಿತ್ರೆಯ ಮುಖ್ಯ ಪ್ರಶ್ನೆ. ವಿದ್ಯಾರಣ್ಯರ ಹೆಸರಿನಲ್ಲಿ ದೊರೆಯುವ ಕಾಲಜ್ಞಾನ ಗ್ರಂಥಗಳು ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇವೆ. ಅವು ರಾಜರ ಏಳುಬೀಳುಗಳನ್ನು ಮುಂದೆ ನಡೆಯಲಿರುವಂತೆ ಹೇಳುತ್ತವೆ. ಆದರೆ 1565ರ ಜನವರಿಯಲ್ಲಿ ರಕ್ಕಸಗಿ–ತಂಗಡಗಿ ಯುದ್ಧದಲ್ಲಿ ಸಾಮ್ರಾಜ್ಯ ಕುಸಿದ ಮೇಲೆ, ಆ ನೆನಪು ಇನ್ನೂ ಹಸಿಯಾಗಿದ್ದಾಗ ಇವು ಈಗಿನ ರೂಪ ತಾಳಿದವೆಂದು ವಿದ್ವಾಂಸರು ಭಾವಿಸುತ್ತಾರೆ. ಹಂಪೆಯನ್ನು ತೊರೆದ ಅರಸುಮನೆ ನೆಲೆಸಿದ್ದು ಪೆನುಕೊಂಡೆಯಲ್ಲಿ. ಮಡಕಶಿರಾ ಆ ಪೆನುಕೊಂಡೆಯ ನೆರೆಯ ಊರು. ರಾಯದುರ್ಗ ಹಂಪೆಗೂ ಪೆನುಕೊಂಡೆಗೂ ನಡುವಣ ಸೀಮೆಯ ಕೋಟೆ. ಒಂದು ಮಹಾನಗರ ಹಾಳಾದ ಸುದ್ದಿಯನ್ನು ದೂರದ ವಾರ್ತೆಯಾಗಿ ಕೇಳಿದ ನೆಲವಲ್ಲ ಇದು.

ನಡೆದುಹೋದದ್ದನ್ನು ಭವಿಷ್ಯತ್ಕಾಲದಲ್ಲಿ ಬರೆಯುವುದೇಕೆ? ಇದನ್ನು ಕಪಟವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಎಲ್ಲವನ್ನೂ ಕಳೆದುಕೊಂಡ ಜನಕ್ಕೆ ಈ ನಾಶ ಅರ್ಥಹೀನವಲ್ಲ, ಯಾರೋ ಒಬ್ಬರು ಇದನ್ನು ಮೊದಲೇ ಕಂಡಿದ್ದರು ಎಂಬ ಭಾವನೆ ಒಂದು ಆಸರೆ. ಜೊತೆಗೆ ಆಳುವವರನ್ನು ನೇರವಾಗಿ ದೂರಲಾಗದ ಕಾಲದಲ್ಲಿ, ‘ಮುಂದೆ ಅರಸರು ಧರ್ಮ ತಪ್ಪುವರು’ ಎಂಬ ಬಗೆಯ ನುಡಿ ಇಂದಿನ ಅರಸನಿಗೇ ತಾಗುವ ಟೀಕೆಯಾಗುತ್ತದೆ. ಹೀಗೆ ನೋಡಿದರೆ ಕಾಲಜ್ಞಾನವೆಂಬುದು ಭವಿಷ್ಯದ ವೇಷ ತೊಟ್ಟ ನೆನಪು. ಕಾಲಜ್ಞಾನಿ ಹೊತ್ತದ್ದು ನಾಳೆಯ ಹೊರೆಯನ್ನಲ್ಲ, ಕಣ್ಣಾರೆ ಕಂಡ ನಿನ್ನೆಯ ಹೊರೆಯನ್ನು.

ಈ ಪರಂಪರೆ ಭಾಷೆಯ ಗಡಿಯನ್ನು ಲೆಕ್ಕಿಸಿದ್ದಿಲ್ಲ. ಸುರಪುರ ಸೀಮೆಯ ಕೊಡೇಕಲ್ ಬಸವಣ್ಣನ ಪರಂಪರೆ ಕನ್ನಡದ್ದು. ಅಲ್ಲಿನ ಕೆಲವು ಹೊತ್ತಗೆಗಳು ಅಮರಗನ್ನಡವೆಂಬ ಗೂಢಲಿಪಿಯಲ್ಲಿವೆ. ಕಂಡದ್ದನ್ನು ಎಲ್ಲರೆದುರು ಹೇಳಲಾಗದ ಸಹದೇವನ ಸಂಕಟ ಇಲ್ಲಿ ಲಿಪಿಯ ರೂಪವನ್ನೇ ಪಡೆದಿದೆ. ವೀರಬ್ರಹ್ಮೇಂದ್ರಸ್ವಾಮಿಯದು ತೆಲುಗು. ಬನಗಾನಪಲ್ಲೆಯಲ್ಲಿ ದನ ಕಾಯುತ್ತ ಗುಹೆಯಲ್ಲಿ ಕುಳಿತು ಅವರು ಕಾಲಜ್ಞಾನ ಬರೆದರೆಂದು, ಬರೆದ ಓಲೆಗಳನ್ನು ಹುಣಸೆಮರದಡಿ ಹೂಳಲಾಯಿತೆಂದು ಪ್ರತೀತಿ. ಅವರ ಪ್ರಿಯಶಿಷ್ಯ ಸಿದ್ದಯ್ಯ ಮುಸ್ಲಿಂ ಮನೆತನದವನು. ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣ ಯತೀಂದ್ರರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಅವರ ಹೆಸರಿನಲ್ಲೂ ಕಾಲಜ್ಞಾನವಿದೆ. ಕನ್ನಡದ ಕಾಲಜ್ಞಾನಗಳು ಬರುವನೆಂದು ಸಾರುವ ವೀರವಸಂತರಾಯ, ತೆಲುಗಿನಲ್ಲಿ ವೀರಭೋಗ ವಸಂತರಾಯನಾಗಿ ಬರುತ್ತಾನೆ. ಎರಡು ನುಡಿಗಳ ಬಡವರು ಒಬ್ಬನೇ ಅರಸನಿಗಾಗಿ ಕಾದರು.

ಮುಖಕ್ಕೆ ಬಣ್ಣ ಹಚ್ಚುವವರು ನಾಡನ್ನಾಳುವರೆಂದು ಬ್ರಹ್ಮಂಗಾರು ಅಂದೇ ನುಡಿದಿದ್ದರೆಂದು ಜನ ಹೇಳುವುದುಂಟು. 1984ರ ಆ ಚಿತ್ರ ಬಿಡುಗಡೆಯಾದಾಗ ಅದರ ನಾಯಕನಟರೇ ಆಂಧ್ರಪ್ರದೇಶದ ಮುಖ್ಯಮಂತ್ರಿಗಳಾಗಿದ್ದರು! ಭವಿಷ್ಯವಾಣಿಯ ಅರ್ಥ ಘಟನೆ ನಡೆದ ಮೇಲೆಯೇ ಹೊಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ಬೇಕಿಲ್ಲ.

ಗ್ರಂಥದಿಂದ ಬಯಲಿಗೆ ಬಂದರೆ ಮೈಲಾರದ ಕಾರಣಿಕವಿದೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರುತ್ತಾನೆ. ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಒಂದೇ ಒಂದು ವಾಕ್ಯ ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯದಲ್ಲಿ ಮಳೆ ಬೆಳೆಯನ್ನು ಕಾಣುವವರು ಕೆಲವರು, ರಾಜಕೀಯವನ್ನು ಕಾಣುವವರು ಕೆಲವರು. ಗೊರವಯ್ಯ ಅರ್ಥ ಬಿಡಿಸುವುದಿಲ್ಲ. ನುಡಿಯುವ ಹೊರೆಯನ್ನು ಮಾತ್ರ ಅವನು ಹೊರುತ್ತಾನೆ, ತಿಳಿಯುವ ಹೊರೆ ಕೇಳಿದವರದು. ಈ ಹಂಚಿಕೆಯಲ್ಲಿ ದೊಡ್ಡ ವಿವೇಕವಿದೆ.

ಇಲ್ಲಿನವರು ಎಲ್ಲಕ್ಕಿಂತ ಮೊದಲು ಕೇಳುವುದು ಮಳೆಯನ್ನು. ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ಅನಂತಪುರವಿದೆ. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರ ಮಹಾಕ್ಷಾಮ, ಮದರಾಸು ಪ್ರಾಂತದಲ್ಲಿ ತೀರ ಕ್ರೂರವಾಗಿ ಬಡಿದ ಪ್ರದೇಶಗಳಲ್ಲಿ ಅಂದಿನ ಬಳ್ಳಾರಿ ಜಿಲ್ಲೆಯೂ ಒಂದು. ಅನಂತಪುರ ಆಗ ಆ ಜಿಲ್ಲೆಗೇ ಸೇರಿತ್ತು. ಮುಂಗಾರು ಬಾರದೆಂದು ಒಂದು ತಿಂಗಳು ಮೊದಲು ತಿಳಿದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೆಂಬ ಪ್ರಶ್ನೆ ಆಳುವವರನ್ನೂ ಕಾಡಿತು. 1875ರಲ್ಲಿ ಸ್ಥಾಪನೆಗೊಂಡ ಭಾರತೀಯ ಹವಾಮಾನ ಇಲಾಖೆ 1886ರಿಂದ ಮುಂಗಾರಿನ ಮುನ್ಸೂಚನೆ ಕೊಡತೊಡಗಿತು. ಹಿಮಾಲಯದ ಹಿಮದ ಪ್ರಮಾಣವೇ ಅದಕ್ಕೆ ಆಧಾರ. 1880ರಲ್ಲಿ ವರದಿ ಕೊಟ್ಟ ಕ್ಷಾಮ ಆಯೋಗದ ಬೆನ್ನಿಗೆ ಕ್ಷಾಮಸಂಹಿತೆಗಳು ಬಂದವು. ಕಾಳಿನ ಬೆಲೆ ಏರುವುದು, ಜನ ಊರು ಬಿಟ್ಟು ಅಲೆಯುವುದು ಮುಂತಾದ ಲಕ್ಷಣ ಕಂಡೊಡನೆ ಅಧಿಕಾರಿಗಳು ಕೆಲಸಕ್ಕೆ ಇಳಿಯಬೇಕೆಂದು ಅವು ವಿಧಿಸಿದವು. ಮುಂದನ್ನು ಕಂಡರಷ್ಟೇ ಸಾಲದು, ಕಂಡೊಡನೆ ಮಾಡಬೇಕಾದದ್ದು ಮೊದಲೇ ಗೊತ್ತಾಗಿರಬೇಕು ಎಂಬ ಪಾಠವನ್ನು ಬರ ಕಲಿಸಿತ್ತು.

ಮೈಲಾರವೂ ರಾಯದುರ್ಗವೂ ಒಂದು ಕಾಲಕ್ಕೆ ಒಂದೇ ಜಿಲ್ಲೆಯಲ್ಲಿದ್ದವು ಎಂಬುದನ್ನು ಇಂದಿನ ಮಕ್ಕಳು ನಂಬುವುದು ಕಷ್ಟ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಬೇರೆಯಾಯಿತು, ಮಡಕಶಿರಾ ಅತ್ತ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1921ರಲ್ಲಿ ಕಾಂಗ್ರೆಸ್ಸಿನ ಪ್ರಾಂತಿಕ ಸಮಿತಿಗಳ ಎಲ್ಲೆಯನ್ನು ಗೊತ್ತುಮಾಡುವಾಗ ಎನ್. ಸಿ. ಕೇಳ್ಕರ್ ಅವರ ತೀರ್ಪು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರ ಸಮಿತಿಗೆ ಸೇರಿಸಿತು. ಅದು ಸರ್ಕಾರದ ಗಡಿಯಲ್ಲ, ಒಂದು ಪಕ್ಷದ ಆಡಳಿತದ ಅನುಕೂಲಕ್ಕೆ ಎಳೆದ ಗೆರೆ. ಮೂವತ್ತೆರಡು ವರ್ಷಗಳ ಬಳಿಕ, 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರ ಬಲಿದಾನದ ನಂತರ ಆಂಧ್ರ ರಾಜ್ಯ ನಿಶ್ಚಯವಾದಾಗ, ನ್ಯಾಯಮೂರ್ತಿ ವಾಂಛೂ ಅವರ ವರದಿ, ಬಳ್ಳಾರಿ ತಾಲ್ಲೂಕಿಗಾಗಿ ನ್ಯಾಯಮೂರ್ತಿ ಮಿಶ್ರಾ ಅವರ ವಿಚಾರಣೆ, ಇವೆಲ್ಲ ನಡೆದು 1953ರ ಅಕ್ಟೋಬರ್ 1ರಂದು ಗಡಿ ಬಿತ್ತು. ಹಡಗಲಿ, ಹೊಸಪೇಟೆ, ಬಳ್ಳಾರಿಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. 1921ರ ಕಾಗದದಲ್ಲಿದ್ದದ್ದೇ ನೆಲದ ಮೇಲೂ ಮೂಡಿತು.

ಈ ಗೆರೆಯನ್ನು ಯಾವ ಓಲೆಯ ಕಾಲಜ್ಞಾನವೂ ನುಡಿದಿರಲಿಲ್ಲ. ಅದನ್ನು ನುಡಿದದ್ದು ಯಾರೂ ಓದದ ಒಂದು ತೀರ್ಪು. ಕಾಲಜ್ಞಾನಗಳು ಬಹುಪಾಲು ಹೀಗೆಯೇ ಇರುತ್ತವೆ: ಕಡತದಲ್ಲಿ, ಜನಗಣತಿಯ ಪಟ್ಟಿಯಲ್ಲಿ, ಶಾಲೆಯ ಹಾಜರಿ ಪುಸ್ತಕದಲ್ಲಿ. ಓದುವವರಿಲ್ಲದಿದ್ದರೆ ಅವೂ ಕಸ್ಸಾಂಡ್ರಾಳ ಕೂಗೇ.

ಮಡಕಶಿರಾ ಸೀಮೆಯ ಹೇಮಾವತಿಯನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಹಿಂದೆ ಹೆಂಜೇರು ಎನಿಸಿಕೊಂಡು ನೊಳಂಬರ ರಾಜಧಾನಿಯಾಗಿದ್ದ ಊರು ಅದು. ಅಲ್ಲಿನ ಕನ್ನಡ ಶಾಸನಗಳು ಭವಿಷ್ಯದೊಡನೆ ಇನ್ನೊಂದು ಬಗೆಯಲ್ಲಿ ಮಾತನಾಡುತ್ತವೆ. ಶಾಸನ ಬರೆಸಿದವನು ಮುಂದಾಗುವುದನ್ನು ಬಲ್ಲೆನೆಂದು ಹೇಳುವುದಿಲ್ಲ. ಮುಂದೆ ಬರುವವರಿಗೆ ಒಂದು ಹೊಣೆಯನ್ನು ಒಪ್ಪಿಸುತ್ತಾನೆ: ಈ ಕೆರೆಯನ್ನು, ಈ ದತ್ತಿಯನ್ನು ಕಾಪಾಡು, ಕಾಪಾಡಿದರೆ ಪುಣ್ಯ, ಕೆಡಿಸಿದರೆ ಪಾಪ. ನಮ್ಮ ಶಾಸನಗಳ ಸಾಮಾನ್ಯ ರೀತಿಯೇ ಇದು. ಭವಿಷ್ಯವನ್ನು ಕಾಣುವುದಕ್ಕಿಂತ ಭವಿಷ್ಯದವರನ್ನು ನಂಬುವುದು ದೊಡ್ಡದೆಂದು ಆ ಕಲ್ಲುಗಳು ತಿಳಿದಿದ್ದವು.

ಸಂಘದ ಬಂಧುಗಳಾದ ನಮ್ಮ ಮುಂದಿರುವ ಪ್ರಶ್ನೆಯೂ ಇದೇ. ರಾಯದುರ್ಗ, ಮಡಕಶಿರಾ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಮನೆಯಲ್ಲಿ ಕನ್ನಡವಾಡುವ ಕುಟುಂಬಗಳಿವೆ. ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಗಳು ಇನ್ನೂ ಬದಲಾದಾವು. ಒಂದು ತಲೆಮಾರು ಓದು ಬರಹ ಬಿಟ್ಟರೆ ಮುಂದಿನ ತಲೆಮಾರು ಮಾತು ಬಿಡುತ್ತದೆ ಎಂಬುದನ್ನು ತಿಳಿಯಲು ಗೊರವಯ್ಯ ಬಿಲ್ಲೇರಬೇಕಿಲ್ಲ. ಹಾಗೆಂದು ತೆಲುಗಿನ ಮೇಲೆ ಮುನಿಸು ಬೇಕಿಲ್ಲ. ವಸಂತರಾಯನಿಗಾಗಿ ಇಬ್ಬರೂ ಒಟ್ಟಿಗೆ ಕಾದವರಲ್ಲವೇ?

ಮಾಡಬಹುದಾದ ಕೆಲಸಗಳು ಚಿಕ್ಕವು, ಆದರೆ ನಮ್ಮ ಕೈಯಲ್ಲಿರುವವು. ಮನೆಯ ಅಟ್ಟದಲ್ಲಿ ಕಾಲಜ್ಞಾನದ ಓಲೆ, ಕೈಬರಹದ ಪುಸ್ತಕಗಳಿದ್ದರೆ ಅವುಗಳ ಚಿತ್ರ ತೆಗೆದು ವಿಶ್ವವಿದ್ಯಾಲಯಗಳ ಹಸ್ತಪ್ರತಿ ವಿಭಾಗಗಳಿಗೆ ತಿಳಿಸಬಹುದು. ಹಿರಿಯರು ಕೇಳಿದ ಕಾರಣಿಕದ ನುಡಿಗಳನ್ನು, ಆ ವರ್ಷ ಮಳೆ ಹೇಗಿತ್ತೆಂಬ ನೆನಪಿನೊಡನೆ ಬರೆದಿಡಬಹುದು. ಸಮೀಪದ ಕನ್ನಡ ಶಾಲೆಯ ಒಂದನೆಯ ತರಗತಿಗೆ ಈ ವರ್ಷ ಎಷ್ಟು ಮಕ್ಕಳು ಸೇರಿದರೆಂದು ಪ್ರತಿ ಜೂನ್‌ನಲ್ಲಿ ಸಂಘವೇ ವಿಚಾರಿಸಿ ದಾಖಲಿಸಬಹುದು. ಸಂಖ್ಯೆ ಇಳಿದರೆ ಅದೇ ವರ್ಷ ಪೋಷಕರ ಮನೆಗೆ ಹೋಗಬಹುದು. ಕ್ಷಾಮಸಂಹಿತೆ ಮಾಡಿದ್ದೂ ಇಷ್ಟೇ, ಲಕ್ಷಣ ಕಂಡ ದಿನವೇ ಕೆಲಸಕ್ಕೆ ಇಳಿಯುವುದು. ಮುಂದಿನ ಸಮ್ಮೇಳನದ ಹೊತ್ತಿಗೆ ಅಂಥ ಒಂದು ಪಟ್ಟಿಯಾದರೂ ನಮ್ಮ ಕೈಯಲ್ಲಿರಲಿ.