ಅಥಣಿಯ ಚಪ್ಪಲಿ ಉದ್ಯಮ

ಅಥಣಿಯ ಚಪ್ಪಲಿ ಉದ್ಯಮವು ಬೆಳಗಾವಿ ಜಿಲ್ಲೆಯ ಅಥಣಿ, ಮದಭಾವಿ, ನಿಪ್ಪಾಣಿ ಮೊದಲಾದ ಊರುಗಳಲ್ಲಿ ಸಮಗಾರ ಕುಟುಂಬಗಳು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಗೃಹ ಕೈಗಾರಿಕೆಯಾಗಿದೆ. ಇಲ್ಲಿ ತಯಾರಾಗುವ ಪಾದರಕ್ಷೆಗಳು ಮಾರುಕಟ್ಟೆಯಲ್ಲಿ 'ಕೊಲ್ಹಾಪುರಿ ಚಪ್ಪಲಿ' ಎಂದೇ ಪರಿಚಿತ. ಆದುದರಿಂದ ಇವುಗಳಲ್ಲಿ ಹಲವು ಕನ್ನಡ ನಾಡಿನಲ್ಲಿ ತಯಾರಾದವು ಎಂಬುದು ಕೊಳ್ಳುವವರಿಗೆ ತಿಳಿಯುವುದೇ ಅಪರೂಪ.

ತಯಾರಿಕೆ

ಮನೆಯೇ ಕಾರ್ಖಾನೆ. ಜಾಲಿಯ ತೊಗಟೆ ಹಾಗೂ ಅಳಲೆಕಾಯಿಯ ನೀರಿನಲ್ಲಿ ಹಲವು ದಿನ ನೆನೆಸಿ ಹದಗೊಳಿಸಿದ ಚರ್ಮವನ್ನು ಬಳಸುತ್ತಾರೆ. ತಳಕ್ಕೆ ಎಮ್ಮೆಯ ದಪ್ಪ ಚರ್ಮ, ಮೇಲಿನ ಹೆಣಿಗೆಗೆ ಆಡಿನ ತೆಳು ಚರ್ಮ. ಸಾಂಪ್ರದಾಯಿಕ ಜೋಡಿಗೆ ಮೊಳೆ ಹೊಡೆಯುವುದಿಲ್ಲ. ಚರ್ಮದ ದಾರದಿಂದಲೇ ಹೊಲಿಯುತ್ತಾರೆ. ರಂಪಿಗೆಯಿಂದ ಚರ್ಮ ಕತ್ತರಿಸಿ ತಳ ಜೋಡಿಸುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಪಟ್ಟಿ, ಹೆಣಿಗೆ ಮತ್ತು ಹೊಲಿಗೆಯ ಸೂಕ್ಷ್ಮ ಕೆಲಸ ಹೆಂಗಸರದು. ಚಪ್ಪಲಿಯ ಅಂದವೆಲ್ಲ ಇರುವುದು ಈ ಹೆಣಿಗೆಯಲ್ಲಿಯೇ. ಆದರೂ ಮನೆಗೆಲಸದ ನಡುವೆ ಸಾಗುವ ಈ ದುಡಿಮೆಗೆ ಬಹುಕಾಲ ಪ್ರತ್ಯೇಕ ಕೂಲಿಯ ಲೆಕ್ಕವೇ ಇರಲಿಲ್ಲ. ಕಾಪಶಿ, ಪುಕರಿ, ಕಚ್ಕಡಿ ಇವು ಪ್ರಸಿದ್ಧ ಮಾದರಿಗಳು.

ಆರ್ಥಿಕ ಸ್ಥಿತಿ

ಚರ್ಮ ಕೊಳ್ಳಲು ಬಂಡವಾಳವಿಲ್ಲದ ಕುಟುಂಬವು ವ್ಯಾಪಾರಿಯಿಂದ ಮುಂಗಡ ಪಡೆಯುತ್ತದೆ. ಸಿದ್ಧವಾದ ಮಾಲನ್ನು ಅವನು ಹೇಳಿದ ದರಕ್ಕೆ ಅವನಿಗೇ ಒಪ್ಪಿಸಬೇಕಾಗುತ್ತದೆ. ನೀರು ತಾಗಿದರೆ ಈ ಚರ್ಮ ಕೆಡುವುದರಿಂದ ಮಳೆಗಾಲದಲ್ಲಿ ಬೇಡಿಕೆ ಕುಸಿಯುತ್ತದೆ. ಆ ತಿಂಗಳುಗಳ ಸಂಸಾರಕ್ಕೆ ಮತ್ತೆ ಸಾಲವೇ ಗತಿ. ಅಗ್ಗದ ರಬ್ಬರ್ ಹಾಗೂ ಪ್ಲಾಸ್ಟಿಕ್ ಪಾದರಕ್ಷೆಗಳ ಪೈಪೋಟಿಯೂ ಸೇರಿ ಹೊಸ ಪೀಳಿಗೆಯವರು ಬೇರೆ ಉದ್ಯೋಗ ಅರಸುತ್ತಿದ್ದಾರೆ. 1990ರ ದಶಕದ ಕೊನೆಯಲ್ಲಿ ಅಥಣಿಯಲ್ಲಿ ಮಹಿಳಾ ಸ್ವಸಹಾಯ ಗುಂಪುಗಳ ಆಧಾರದ ಮೇಲೆ ರೂಪುಗೊಂಡ 'ಟೋ ಹೋಲ್ಡ್' ಸಂಘಟನೆಯು ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ವಿದೇಶಗಳಿಗೆ ರಫ್ತು ಮಾಡುವ ದಾರಿ ತೆರೆಯಿತು.

ಭೌಗೋಳಿಕ ಸೂಚಕ

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕರ್ನಾಟಕದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳು ಇದರ ಜಂಟಿ ಹಕ್ಕುದಾರರು. ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಮತ್ತು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ, ಹೀಗೆ ಎಂಟು ಜಿಲ್ಲೆಗಳು ಇದರ ವ್ಯಾಪ್ತಿಗೆ ಸೇರಿವೆ. ಹೆಸರು ಮಾತ್ರ ಒಂದೇ ಊರಿನದಾಗಿ ಉಳಿಯಿತು.

2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿಗಳನ್ನು ಮೂಲದ ಉಲ್ಲೇಖವಿಲ್ಲದೆ ತೋರಿಸಿದಾಗ ಭಾರತದಲ್ಲಿ ಟೀಕೆ ಎದ್ದಿತು. ಬಳಿಕ ಸಂಸ್ಥೆಯು ಭಾರತೀಯ ಕರಕುಶಲತೆಯೇ ತನಗೆ ಪ್ರೇರಣೆಯೆಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರಡೂ ನಿಗಮಗಳೊಂದಿಗೆ ಒಪ್ಪಂದ ಮಾಡಿಕೊಂಡಿತು.