ಸ್ತನ ಕ್ಯಾನ್ಸರ್: ಕೀಮೋಗೆ ಹೊರಡುವ ಮುನ್ನ ಗಡಿಯೂರಿನವರು ತಿಳಿದಿರಬೇಕಾದದ್ದು

ಬಾವಲಿ: ಸಂಜೆ ಆರಕ್ಕೆ ಇಲ್ಲಿನ ಗೇಟು ಬೀಳುತ್ತದೆ. ನಾಗರಹೊಳೆ ಕಾಡಿನ ನಡುವೆ ಎಚ್.ಡಿ.ಕೋಟೆ ಮೂಲಕ ಮೈಸೂರಿಗೆ ಹೋಗುವ ರಸ್ತೆಯಲ್ಲಿ 2008ರಿಂದ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಊರಿನವರಿಗೆ ಇದು ಹಳೆಯ ಸಂಗತಿ. ಮದುವೆಗೆ ಹೋದವರು, ಆಚೆ ಕಡೆ ಶುಂಠಿ ಹೊಲಕ್ಕೆ ಹೋದವರು ಗಡಿಯಾರ ನೋಡಿಕೊಂಡೇ ಮರಳುತ್ತಾರೆ. ಆದರೆ ಮನೆಯ ಹೆಂಗಸೊಬ್ಬಳಿಗೆ ಸ್ತನ ಕ್ಯಾನ್ಸರ್ ಇದೆ ಎಂದು ಗೊತ್ತಾಗಿ, ಕೀಮೋಥೆರಪಿಯ ದಿನ ಹತ್ತಿರ ಬಂದಾಗ ಈ ಗೇಟಿನ ಲೆಕ್ಕವೇ ಬೇರೆಯಾಗುತ್ತದೆ. ಕೀಮೋ ಕೊಡುವುದು ಹಗಲಿನಲ್ಲಿ, ಆಸ್ಪತ್ರೆಯಲ್ಲಿ. ಅದರ ದೊಡ್ಡ ಅಪಾಯ ಬರುವುದು ಮನೆಗೆ ಬಂದು ಒಂದು ವಾರವೋ ಹತ್ತು ದಿನವೋ ಕಳೆದ ಮೇಲೆ, ಜ್ವರದ ರೂಪದಲ್ಲಿ. ಆ ಜ್ವರ ರಾತ್ರಿ ಬಂದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮೊದಲ ಕೀಮೋಗೆ ಮುಂಚೆಯೇ ತೀರ್ಮಾನಿಸಿಕೊಂಡಿರಬೇಕು.

ಮೊದಲ ಎರಡು ವಾರ

ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳಿದ್ದವು ಎಂಬುದು ಜಾಗತಿಕ ಕ್ಯಾನ್ಸರ್ ಅಂದಾಜಿನ ಅಂಕಿ. ಬಯಾಪ್ಸಿ ವರದಿ ಕೈಗೆ ಬಂದ ದಿನ ಮನೆಯಲ್ಲಿ ಅಳು, ಗಾಬರಿ, 'ನಾಳೆಯೇ ಹೊರಡೋಣ' ಎಂಬ ಮಾತು ಸಹಜ. ಸಾಮಾನ್ಯವಾಗಿ ಈ ರೋಗದಲ್ಲಿ ಒಂದೆರಡು ವಾರ ತಗೊಂಡು ಪರೀಕ್ಷೆಗಳನ್ನು ಪೂರೈಸಿ, ಎಲ್ಲಿ ಚಿಕಿತ್ಸೆ ಎಂದು ಯೋಚಿಸಿ ಹೊರಡುವುದರಿಂದ ನಷ್ಟವಿಲ್ಲ. ನಷ್ಟವಾಗುವುದು ತಿಂಗಳುಗಟ್ಟಲೆ ಮುಂದೂಡಿದಾಗ. 'ಕಾಫಿ ಕೊಯ್ಲು ಮುಗಿಯಲಿ, ಮೆಣಸು ಇಳಿಸಿಬಿಡೋಣ' ಎಂದು ಡಿಸೆಂಬರಿನಿಂದ ಮಾರ್ಚಿಗೆ ತಳ್ಳುವ ಮನೆಗಳಿವೆ. ಕೊಯ್ಲಿಗೆ ಆಳು ಸಿಗುತ್ತಾರೆ. ಗಂಟು ಕಂಕುಳಿಗೆ ಹಬ್ಬಿದ ಮೇಲೆ ಚಿಕಿತ್ಸೆಯೂ ಉದ್ದವಾಗುತ್ತದೆ, ಖರ್ಚೂ ಬೆಳೆಯುತ್ತದೆ.

ಬಯಾಪ್ಸಿಯ ತುಂಡಿನ ಮೇಲೆ ಮಾಡುವ ಇನ್ನೊಂದು ಪರೀಕ್ಷೆಯ ವರದಿ ಇಲ್ಲದೆ ವೈದ್ಯರು ಔಷಧ ತೀರ್ಮಾನಿಸುವುದಿಲ್ಲ. ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಹೆಸರು ಅದರಲ್ಲಿರುತ್ತವೆ. ಮೊದಲೆರಡು ಇದ್ದರೆ ಮುಂದೆ ಹಲವು ವರ್ಷ ಮಾತ್ರೆಯ ಚಿಕಿತ್ಸೆ ಇರುತ್ತದೆ. ಹರ್-2 ಇದ್ದರೆ ಟ್ರಾಸ್ಟುಜುಮ್ಯಾಬ್ ಎಂಬ ಚುಚ್ಚುಮದ್ದು ಸೇರುತ್ತದೆ. ಮೂರೂ ಇಲ್ಲದಿದ್ದರೆ ಕೀಮೋದ ಮೇಲೆಯೇ ಹೆಚ್ಚಿನ ಭಾರ. ಪಕ್ಕದ ಮನೆಯವಳಿಗೆ ಕೊಟ್ಟ ಔಷಧವೇ ನಮ್ಮವಳಿಗೂ ಏಕೆ ಕೊಡುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಈ ಮೂರು ಸಾಲಿನಲ್ಲಿದೆ. ಕೆಲವರಿಗೆ ಮೊದಲು ಶಸ್ತ್ರಚಿಕಿತ್ಸೆ, ಅನಂತರ ಕೀಮೋ. ಕೆಲವರಿಗೆ ಗಂಟನ್ನು ಕುಗ್ಗಿಸಲು ಮೊದಲೇ ಕೀಮೋ. 'ಆಪರೇಷನ್ ಮಾಡಲು ಆಗುವುದಿಲ್ಲವಂತೆ, ಅದಕ್ಕೇ ಕೀಮೋ' ಎಂದು ತಪ್ಪು ತಿಳಿಯಬೇಕಾಗಿಲ್ಲ.

ಯಾವ ಕಡೆಗೆ ಹೋಗುವುದು?

ಈ ಪ್ರಶ್ನೆ ಮೈಸೂರಿನ ಒಳಗಿರುವವರಿಗೆ ಬರುವುದಿಲ್ಲ, ಬಾವಲಿಯವರಿಗೆ ಬರುತ್ತದೆ. ಕೇರಳದ ಕಡೆ ಮಾನಂದವಾಡಿ ಸಮೀಪದ ನಲ್ಲೂರ್‌ನಾಡಿನಲ್ಲಿ ಅಂಬೇಡ್ಕರ್ ಸ್ಮಾರಕ ಜಿಲ್ಲಾ ಕ್ಯಾನ್ಸರ್ ಕೇಂದ್ರವಿದೆ. ಸರ್ಕಾರದ್ದು, ಕೀಮೋ ಸೌಲಭ್ಯ ಉಂಟು. ಅದಕ್ಕೂ ದೊಡ್ಡದು ಬೇಕೆಂದರೆ ಚುರಂ ಇಳಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ಇಲ್ಲವೇ ಕಲ್ಲಿಕೋಟೆ ಮೆಡಿಕಲ್ ಕಾಲೇಜು. 1981ರಲ್ಲಿ ಶುರುವಾದ ತಿರುವನಂತಪುರದ ಆರ್.ಸಿ.ಸಿ. ರಾಜ್ಯಕ್ಕೇ ಹಿರಿಯದು. ಕರ್ನಾಟಕದ ಕಡೆ ಮೈಸೂರಿನ ಆಸ್ಪತ್ರೆಗಳು, ಬೆಂಗಳೂರಿನಲ್ಲಿ 1973ರಿಂದಿರುವ ಕಿದ್ವಾಯಿ ಸಂಸ್ಥೆ. ಕಿದ್ವಾಯಿಯಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಹೆಸರಾದ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಕಲಬುರಗಿಯ ಕೊಳೆಗೇರಿಯಲ್ಲಿ ಬೆಳೆದು ಆ ಮಟ್ಟಕ್ಕೆ ಏರಿದವರು ಅವರು.

ಭಾಷೆಯ ಸಲುಗೆಯಿಂದ ಕನ್ನಡದವರು ಮೈಸೂರು ಕಡೆಗೇ ವಾಲುತ್ತಾರೆ, ತಪ್ಪೇನಿಲ್ಲ. ಆದರೆ ಕೀಮೋ ಒಂದು ದಿನದ ಕೆಲಸವಲ್ಲ. ಮೂರು ವಾರಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕರಿಂದ ಎಂಟು ಸುತ್ತು. ಕೆಲವು ಔಷಧ ವಾರಕ್ಕೊಮ್ಮೆ. ಐದಾರು ತಿಂಗಳು ಕಾಡು ದಾಟಿ ಹೋಗಿಬರುವುದೆಂದರೆ ದೇಹಕ್ಕೂ ಜೇಬಿಗೂ ಹೊರೆ. ದೊಡ್ಡ ಕೇಂದ್ರದಲ್ಲಿ ಚಿಕಿತ್ಸೆಯ ಕ್ರಮ ಬರೆಸಿಕೊಂಡು, ಸುತ್ತುಗಳನ್ನು ಮನೆ ಹತ್ತಿರದ ಕೇಂದ್ರದಲ್ಲಿ ತೆಗೆದುಕೊಳ್ಳುವ ದಾರಿಯಿದೆ. 2020ರ ಲಾಕ್‌ಡೌನಿನಲ್ಲಿ ಕೇರಳ ಇದನ್ನೇ ವಿಸ್ತರಿಸಿತು. ಅದೇ ವರ್ಷ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡನ್ನು ಗಡಿಯವರು ಮರೆತಿಲ್ಲ. ಮಳೆಗಾಲದಲ್ಲಿ ಚುರಂ ರಸ್ತೆಗಳೂ ಮಣ್ಣು ಕುಸಿದು ಮುಚ್ಚುವುದುಂಟು. ಹಾಗಾಗಿ ಹತ್ತಿರದ ಕೇಂದ್ರವೊಂದರಲ್ಲಿ ಹೆಸರು ನೋಂದಾಯಿಸಿ ಇಡುವುದು ಜಾಣತನ.

ಕಾರ್ಡಿನ ವಿಷಯ. ಕೇರಳದ ರೇಷನ್ ಕಾರ್ಡಿನವರಿಗೆ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ, ಮಚ್ಚೂರು, ಡಿ.ಬಿ.ಕುಪ್ಪೆ ಕಡೆಯವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಅರ್ಹ ಬಡ ಕುಟುಂಬಕ್ಕೆ ಎರಡರಲ್ಲೂ ವರ್ಷಕ್ಕೆ 5 ಲಕ್ಷ ರೂ.ವರೆಗೆ. ಕರ್ನಾಟಕದಲ್ಲಿ ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷ ರೂ.ವರೆಗೆ. ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿರುವ ಕುಟುಂಬಕ್ಕೆ ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಸೌಲಭ್ಯ ಉಂಟು. ರಾಜ್ಯ ತಾನೇ ಸೇರಿಸಿಕೊಂಡ ಕುಟುಂಬಕ್ಕೂ ಅದು ಸಿಗುತ್ತದೆಂದು ನಂಬಿ ಹೊರಡಬಾರದು. ಮೊದಲೇ ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ, ಕರ್ನಾಟಕದಲ್ಲಾದರೆ ಆರೋಗ್ಯಮಿತ್ರರಲ್ಲಿ ಕೇಳಬೇಕು. ಕಾರ್ಡ್ ಮಂಜೂರಾಗುವ ಮೊದಲು ಕೈಯಿಂದ ಕಟ್ಟಿದ ಹಣ ಹಿಂದೆ ಬರುವುದು ಕಷ್ಟ. ಕೇರಳದಲ್ಲಿ 2024ರ ಆಗಸ್ಟಿನಿಂದ ಕಾರುಣ್ಯ ಔಷಧಾಲಯಗಳ ಆಯ್ದ ಕೌಂಟರುಗಳಲ್ಲಿ ಕ್ಯಾನ್ಸರ್ ಔಷಧಗಳನ್ನು ಲಾಭವಿಲ್ಲದ ದರಕ್ಕೆ ಕೊಡಲಾಗುತ್ತಿದೆ. ಆದಿವಾಸಿ ಕುಟುಂಬಗಳು ಟ್ರೈಬಲ್ ಪ್ರಮೋಟರಿಗೆ ಮೊದಲ ದಿನವೇ ತಿಳಿಸಿದರೆ ವಾಹನ, ಕಾಗದಪತ್ರದ ಓಡಾಟ ಹಗುರವಾಗುತ್ತದೆ.

ಕೀಮೋಗೆ ಮುಂಚೆ ಹೇಳಲೇಬೇಕಾದ ಮಾತು

ರಕ್ತದ ಎಣಿಕೆ, ಲಿವರ್, ಕಿಡ್ನಿ, ಹೆಪಟೈಟಿಸ್-ಬಿ, ಎಚ್.ಐ.ವಿ. ಪರೀಕ್ಷೆಗಳು ಎಲ್ಲ ಕಡೆ ಮಾಡಿಸುತ್ತಾರೆ. ಕೆಂಪು ಬಣ್ಣದ ಡಾಕ್ಸೊರೂಬಿಸಿನ್ ಕೊಡುವುದಾದರೆ ಹೃದಯದ ಎಕೋ ಕೂಡ ಬೇಕು. (ಅದನ್ನು ಏರಿಸಿದ ದಿನ ಮೂತ್ರ ಕೆಂಪಗೆ ಹೋಗುತ್ತದೆ, ರಕ್ತವೆಂದು ಹೆದರಬೇಕಿಲ್ಲ.) ಹುಳುಕು ಹಲ್ಲಿದ್ದರೆ ಕೀಮೋ ಆರಂಭಕ್ಕೆ ಮುಂಚೆಯೇ ತೋರಿಸಬೇಕು. ಸಕ್ಕರೆ ಕಾಯಿಲೆಯವರಿಗೆ ವಾಂತಿ ತಡೆಯಲು ಕೊಡುವ ಸ್ಟಿರಾಯ್ಡ್‌ನಿಂದ ಸಕ್ಕರೆ ಏರುವುದರಿಂದ ಅದನ್ನೂ ತಿಳಿಸಬೇಕು. ಮಕ್ಕಳಾಗುವ ವಯಸ್ಸಿನವರು, ಮುಂದೆ ಮಗು ಬೇಕೆನ್ನುವವರು, ನಾಚಿಕೆ ಬಿಟ್ಟು ಮೊದಲೇ ಕೇಳಬೇಕು. ಕೀಮೋ ಶುರುವಾದ ಮೇಲೆ ಕೇಳಿ ಪ್ರಯೋಜನ ಕಡಿಮೆ.

ವಯನಾಡಿಗೇ ಸೇರಿದ ಒಂದು ವಿಷಯ ಮೈಸೂರು, ಬೆಂಗಳೂರಿನ ವೈದ್ಯರು ತಾವಾಗಿ ಕೇಳದೆ ಇರಬಹುದು. ಇಲ್ಲಿನ ವಯನಾಡನ್ ಚೆಟ್ಟಿ ಸಮುದಾಯದಲ್ಲಿ, ಪಣಿಯ, ಅಡಿಯ, ಕುರುಮ ಮೊದಲಾದ ಆದಿವಾಸಿ ಕುಟುಂಬಗಳಲ್ಲಿ ಸಿಕಲ್‌ಸೆಲ್ ರಕ್ತಹೀನತೆ ಇದೆ. ಕೀಮೋದಿಂದ ಬಿಳಿರಕ್ತಕಣ ಕುಸಿದಾಗ ಅದನ್ನು ಏರಿಸಲು ಹೊಟ್ಟೆಯ ಚರ್ಮಕ್ಕೆ ಕೊಡುವ ಜಿ.ಸಿ.ಎಸ್.ಎಫ್. ಎಂಬ ಚುಚ್ಚುಮದ್ದು ಸಿಕಲ್‌ಸೆಲ್ ರೋಗವಿರುವವರಲ್ಲಿ ತೀವ್ರ ನೋವಿನ ಬಿಕ್ಕಟ್ಟನ್ನು ತರಬಲ್ಲದು, ಪ್ರಾಣಕ್ಕೂ ಕುತ್ತಾಗಬಹುದು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ, ಆಗಾಗ ಕೈಕಾಲು ನೋವೆಂದು ಆಸ್ಪತ್ರೆ ಸೇರಿದ ನೆನಪಿದ್ದರೆ, ಮೊದಲ ಭೇಟಿಯಲ್ಲೇ ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬೇರು, ಕಷಾಯ, ಲೇಹ್ಯ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಬಚ್ಚಿಡಬಾರದು. ಬೈಸಿಕೊಳ್ಳುವ ಭಯಕ್ಕೆ ಮುಚ್ಚಿಟ್ಟ ಔಷಧವೇ ಲಿವರ್ ಕೆಡಿಸಿ ಕೀಮೋ ನಿಲ್ಲಿಸಿಬಿಡಬಹುದು.

ಜ್ವರ ಬಂದ ರಾತ್ರಿ

ಕೀಮೋ ಏರಿಸಿದ ಏಳರಿಂದ ಹದಿನಾಲ್ಕನೆಯ ದಿನದ ನಡುವೆ ಬಿಳಿರಕ್ತಕಣಗಳು ತೀರ ಕೆಳಗಿಳಿಯುತ್ತವೆ. ಆಗ ಸೋಂಕು ತಗುಲಿದರೆ ದೇಹಕ್ಕೆ ಎದುರಿಸುವ ಶಕ್ತಿಯಿಲ್ಲ. ಕೀವಿಲ್ಲ, ಕೆಮ್ಮಿಲ್ಲ, ಜ್ವರವೊಂದೇ ಸುಳಿವು. ಅದಕ್ಕೇ ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಥವಾ ಮೈ ನಡುಕ ಬಂದರೆ, ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಬೀಳಬೇಕು ಎಂಬುದು ವೈದ್ಯಕೀಯ ನಿಯಮ. ಅಳೆಯುವ ಮೊದಲೇ ಪ್ಯಾರಸಿಟಮಾಲ್ ನುಂಗಿ ಮಲಗಿದರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ.

ಬಾವಲಿ, ಮಚ್ಚೂರು, ಡಿ.ಬಿ.ಕುಪ್ಪೆಯವರಿಗೆ ರಾತ್ರಿ ತೆರೆದಿರುವ ದಾರಿ ಕಾಟಿಕುಳಂ ಮೇಲೆ ಮಾನಂದವಾಡಿಗೆ. ಅಲ್ಲಿನ ಜಿಲ್ಲಾ ಆಸ್ಪತ್ರೆ 2021ರಲ್ಲಿ ವಯನಾಡ್ ಸರ್ಕಾರಿ ಮೆಡಿಕಲ್ ಕಾಲೇಜಾಯಿತು. ಕೀಮೋ ಮೈಸೂರಿನಲ್ಲೇ ಆಗಿದ್ದರೂ, ಕಾರ್ಡು ಕರ್ನಾಟಕದ್ದೇ ಆಗಿದ್ದರೂ, ರಾತ್ರಿಯ ಜ್ವರಕ್ಕೆ ಹೋಗಬೇಕಾದದ್ದು ಅಲ್ಲಿಗೇ. ಗೇಟಿನಲ್ಲಿ ಬೇಡಿಕೊಂಡು, ಆನೆ ಅಡ್ಡಾಡುವ ಕಾಡುದಾರಿಯಲ್ಲಿ ಎರಡು-ಮೂರು ಗಂಟೆ ಕಳೆಯುವುದಲ್ಲ. ಕಾಡಿನಾಚೆ ಅಂತರಸಂತೆ, ಎಚ್.ಡಿ.ಕೋಟೆ ಕಡೆಯ ನೆಂಟರ ಮನೆಯಲ್ಲಿ ಉಳಿದವರಿಗೆ ಕೋಟೆಯ ತಾಲ್ಲೂಕು ಆಸ್ಪತ್ರೆ, ಸರಗೂರಿನ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆ ಹತ್ತಿರ. 108ಕ್ಕೆ ಕರೆ ಮಾಡುವಾಗ ಮೊದಲ ಮಾತೇ ರಾಜ್ಯ, ಪಂಚಾಯತಿ, ಊರಿನ ಹೆಸರಾಗಿರಲಿ. ಜೀಪಿನವರೊಬ್ಬರ ನಂಬರು ಗೋಡೆಯ ಮೇಲೆ ಬರೆದಿರಲಿ.

ಕ್ಯಾಶುವಲ್ಟಿಯಲ್ಲಿ ಸರದಿಯಲ್ಲಿ ಕೂರಿಸಿದರೆ ಸುಮ್ಮನಿರಬಾರದು. ಊರಿನವರಿಗೆ ಮಲಯಾಳ ಬರುತ್ತದೆ. ಆದರೆ ಜೊತೆಗೆ ನಿಂತವಳು ಹುಣಸೂರಿನಿಂದ ಬಂದ ಅತ್ತಿಗೆಯೋ ನಾದಿನಿಯೋ ಆಗಿದ್ದರೆ? 'ಕೀಮೋ ಚೆಯ್ಯುನ್ನ ಆಳಾಣ್, ಪನಿಯುಂಡ್' ಎಂಬ ಒಂದು ವಾಕ್ಯವನ್ನು ಅವಳಿಗೆ ಬಾಯಿಪಾಠ ಮಾಡಿಸಿಡಬೇಕು. ಕೀಮೋ ನಡೆಯುತ್ತಿದೆ, ಜ್ವರವಿದೆ ಎಂದಷ್ಟೇ ಅದರ ಅರ್ಥ, ಕೇಳಿದ ನರ್ಸ್ ಎದ್ದು ಬರುತ್ತಾರೆ. ಔಷಧಗಳ ಹೆಸರು, ಕೊಟ್ಟ ತಾರೀಕು, ಆಸ್ಪತ್ರೆಯ ಫೋನ್ ನಂಬರು ಇರುವ ಒಂದು ಚೀಟಿ ಪರ್ಸಿನಲ್ಲಿರಲಿ. ಡಿಸ್ಚಾರ್ಜ್ ಸಾರಾಂಶದ ಫೋಟೋ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. 2015ರಲ್ಲಿ ಜಿಲ್ಲೆಯಲ್ಲಿ ಜೀವಗಳನ್ನೂ ಬಲಿ ಪಡೆದ ಜ್ವರವದು. ಕೀಮೋದ ತಿಂಗಳುಗಳಲ್ಲಿ ಸೌದೆಗೆ, ಸೊಪ್ಪಿಗೆ ಕಾಡಿಗೆ ಹೋಗುವುದು ಬೇಡ. ಮನೆಯವರು ಹೋಗಿಬಂದಿದ್ದರೆ, ಉಣ್ಣೆ ಕಚ್ಚಿದ್ದರೆ, ಅದನ್ನೂ ವೈದ್ಯರಿಗೆ ಹೇಳಬೇಕು.

ಅಡುಗೆಮನೆ, ಕೂದಲು, ನೆಂಟರು

ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವುವವರೇ ಹೆಚ್ಚು. ಮೊಟ್ಟೆ, ಮೀನು, ಬೇಳೆ ಚೆನ್ನಾಗಿ ಬೆಂದಿದ್ದರೆ ಧಾರಾಳವಾಗಿ ತಿನ್ನಬಹುದು, ತಿನ್ನಬೇಕು. ಬಾವಿ ನೀರು ಕುದಿಸಿ ಕುಡಿಯಬೇಕು. ವಾಂತಿ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಬರೆದುಕೊಟ್ಟ ಹೊತ್ತಿಗೇ ನುಂಗಬೇಕು. ಬಾಯಿಹುಣ್ಣಿಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ದಿನಕ್ಕೆ ನಾಲ್ಕಾರು ಸಲ ಮುಕ್ಕಳಿಸುವುದು ಒಳ್ಳೆಯದು. ಎಲೆ-ಅಡಿಕೆ-ಹೊಗೆಸೊಪ್ಪು ಬಿಡಲೇಬೇಕು. ಕೀಮೋದ ನಂತರ ಎರಡು ದಿನ ಮೂತ್ರ, ವಾಂತಿಯಲ್ಲಿ ಔಷಧದ ಅಂಶವಿರುವುದರಿಂದ ಶೌಚಕ್ಕೆ ಎರಡು ಸಲ ನೀರು ಹಾಕಿ, ಬಟ್ಟೆಯನ್ನು ಬೇರೆಯಾಗಿ, ಗ್ಲೌಸ್ ಹಾಕಿಕೊಂಡು ಒಗೆಯಬೇಕು. ಬಸುರಿಯರು ಆ ಕೆಲಸಕ್ಕೆ ಬೇಡ. ಪ್ಯಾಕ್ಲಿಟ್ಯಾಕ್ಸೆಲ್ ಪಡೆಯುವವರ ಬೆರಳ ತುದಿ ಮರಗಟ್ಟುತ್ತದೆ. ಕತ್ತಿ, ಮೆಟ್ಟುಗತ್ತಿ, ಬಿಸಿ ಪಾತ್ರೆ ಅವರ ಕೈಗೆ ಕೊಡದಿರುವುದೇ ವಾಸಿ.

ಮೊದಲ ಕೀಮೋ ಆಗಿ ಎರಡು-ಮೂರು ವಾರಕ್ಕೆ ಕೂದಲು ಉದುರತೊಡಗುತ್ತದೆ. ದಿಂಬಿನ ಮೇಲೆ ಹಿಡಿಹಿಡಿಯಾಗಿ ಕಂಡಾಗ ಆಗುವ ನೋವು ರೋಗದ ಸುದ್ದಿ ಕೇಳಿದಾಗಿನದಕ್ಕಿಂತ ಕಡಿಮೆಯೇನಲ್ಲ. ಕೆಲವರು ಮುಂಚೆಯೇ ಗಿಡ್ಡವಾಗಿ ಕತ್ತರಿಸಿಕೊಂಡು ಹತ್ತಿಯ ವಸ್ತ್ರ ಕಟ್ಟಿಕೊಳ್ಳುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ಮತ್ತೆ ಬೆಳೆಯುತ್ತದೆ. ಇದು ಅಂಟುರೋಗವಲ್ಲ, ಯಾರ ಶಾಪವೂ ಅಲ್ಲ. ರೋಗಿಯ ತಟ್ಟೆ-ಲೋಟ ಬೇರೆ ಇಡುವ ಮನೆಗಳು ಈಗಲೂ ಇರುವುದರಿಂದ ಇದನ್ನು ಬರೆಯಬೇಕಾಗಿದೆ. ಬೇರೆ ಇಡಬೇಕಾದದ್ದು ನೆಗಡಿ-ಕೆಮ್ಮಿನ ನೆಂಟರನ್ನು. ಎರಡನೆಯ ವಾರದಲ್ಲಿ ಬಾಳೆಹಣ್ಣು ಹಿಡಿದು ಹತ್ತು ಜನ ನೋಡಲು ಬರುವುದನ್ನು ಗಂಡನೋ ಮಗನೋ ಬಾಗಿಲಲ್ಲೇ ನಯವಾಗಿ ತಡೆಯಬೇಕು. ಆ ಕಷ್ಟದ ಕೆಲಸ ರೋಗಿಯ ಪಾಲಿಗೆ ಬರಬಾರದು.

ಓದುವ ಅಭ್ಯಾಸವಿರುವವರಿಗೆ ಎರಡು ಪುಸ್ತಕಗಳು ಜೊತೆಯಾಗಬಲ್ಲವು. ಸ್ತನ ಕ್ಯಾನ್ಸರನ್ನು ತಾವೇ ಅನುಭವಿಸಿದ ಬಿ.ವಿ. ಭಾರತಿ ಅವರ 'ಸಾಸಿವೆ ತಂದವಳು' ಕನ್ನಡದಲ್ಲಿದೆ. ನಟ ಇನ್ನಸೆಂಟ್ ಅವರ 'ಕ್ಯಾನ್ಸರ್ ವಾರ್ಡಿಲೆ ಚಿರಿ' ಮಲಯಾಳದ್ದು. ಅವರ ಪತ್ನಿಗೂ ಸ್ತನ ಕ್ಯಾನ್ಸರ್ ಆಗಿತ್ತು. ಇನ್ನಸೆಂಟ್ 2023ರಲ್ಲಿ ತೀರಿಕೊಂಡರು.

ಕೇರಳದ ಪಂಚಾಯತಿಗಳಲ್ಲಿ ಮನೆಗೆ ಬರುವ ಪಾಲಿಯೇಟಿವ್ ನರ್ಸ್ ಇದ್ದಾರೆ. 'ಅವರು ಸಾಯುವವರ ಮನೆಗೆ ಬರುವವರು' ಎಂಬುದು ತಪ್ಪು ಕಲ್ಪನೆ. ನೋವು, ಹುಣ್ಣು, ಗಾಯದ ಆರೈಕೆಗೆ ಚಿಕಿತ್ಸೆಯ ಮಧ್ಯದಲ್ಲೂ ಅವರನ್ನು ಕರೆಯಬಹುದು.

ಇನ್ನು ಪ್ರತಿ ಸುತ್ತಿಗೂ ಮೊದಲು ರಕ್ತದ ಎಣಿಕೆ ಸರಿಯಿರಬೇಕು, ಇಲ್ಲದಿದ್ದರೆ ಕೀಮೋ ಕೊಡದೆ ಒಂದು ವಾರ ಬಿಟ್ಟು ಬನ್ನಿ ಎನ್ನುತ್ತಾರೆ. ಬೆಳಿಗ್ಗೆ ಗೇಟು ತೆಗೆಯುವುದನ್ನೇ ಕಾದು ಮೊದಲ ಬಸ್ಸಿನಲ್ಲಿ ಮೈಸೂರು ಮುಟ್ಟಿ ಬರಿಗೈಲಿ ಮರಳುವ ಬದಲು, ಹಿಂದಿನ ದಿನವೇ ಮಾನಂದವಾಡಿಯಲ್ಲೋ ಕೋಟೆಯಲ್ಲೋ ರಕ್ತ ಕೊಟ್ಟು, ವರದಿಯನ್ನು ಕೀಮೋ ವಾರ್ಡಿಗೆ ಫೋನಿನಲ್ಲಿ ಓದಿ ಹೇಳಿ, ಅವರು ಬನ್ನಿ ಎಂದ ಮೇಲೆ ಹೊರಡಬಹುದು. ಈ ಏರ್ಪಾಡಿಗೆ ಅವರು ಒಪ್ಪುತ್ತಾರೆಯೇ ಎಂದು ಮೊದಲ ಸುತ್ತಿನ ದಿನವೇ ಕೇಳಿಟ್ಟುಕೊಳ್ಳಬೇಕು.